ಮೊಲ ಸಾಕೋದು ಮನೆಯೊಳಗಾ, ಹೊರಗಾ?

ಬಿಳಿಕಿವಿ

ಎಲ್ಲರಿಗೂ ನಮಸ್ಕಾರ. ಮನೆಗೆ ಎರಡು ಮೊಲದ ಮರಿ ತರೋದು ಅಂತ ತೀರ್ಮಾನ ಆಗಿದೆ. ಒಂದು ಗಂಡು, ಒಂದು ಹೆಣ್ಣು, ಒಂದೇ ಸೂಲಿನವು. ಅವನ್ನ ಎಲ್ಲಿಡೋದು ಅನ್ನೋದು ಮಾತ್ರ ಇನ್ನೂ ಬಗೆಹರಿದಿಲ್ಲ. ಪ್ರಾಣಿ ಅಂದ್ಮೇಲೆ ಮಣ್ಣು, ಗಾಳಿ, ಬಿಸಿಲು ಬೇಕು, ಹಿತ್ತಿಲಲ್ಲಿ ಗಟ್ಟಿಯಾಗಿ ಒಂದು ಗೂಡು ಮಾಡಿಸೋಣ, ಗೋಡೆ ಮಧ್ಯೆ ಕೂಡಿಹಾಕೋದು ಪಾಪ ಅನ್ನೋದು ನಮ್ಮ ಯಜಮಾನರ ವಾದ. ಹೊರಗಿಟ್ಟರೆ ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಹುಲ್ಲು ಹಾಕಿ ಬರೋದಷ್ಟೇ ಆಗುತ್ತೆ, ಅಷ್ಟಕ್ಕೆ ಮೊಲ ಯಾಕೆ ತರಬೇಕು ಅನ್ನೋದು ನನ್ನದು. ಅತ್ತೆಯವರು "ಎಲ್ಲಾದ್ರೂ ಇಟ್ಕೊಳ್ಳಿ, ನನ್ನ ಸೋಫಾ ಕಡೀಬಾರದು" ಅಂತ ಹೇಳಿ ಕೈತೊಳ್ಕೊಂಡಿದ್ದಾರೆ.

ಒಳಗಿಟ್ಟೋರ ಮನೇಲಿ ನಿಜಕ್ಕೂ ವಾಸನೆ ಬರುತ್ತಾ? ಹೊರಗಿರೋ ಮೊಲ ನಿಜಕ್ಕೂ ಹೆಚ್ಚು ಖುಷಿಯಾಗಿರುತ್ತಾ? "ನಿಮಗೆ ಹೇಗೆ ಅನುಕೂಲವೋ ಹಾಗೆ" ಅನ್ನೋ ಉತ್ತರ ಮಾತ್ರ ಬೇಡ. ಅದು ಮನೆಯಲ್ಲೇ ಬೇಕಾದಷ್ಟು ಸಿಕ್ಕಿದೆ.

ಮೂರನೇಮಹಡಿ

ಒಳಗೆ. ಎರಡನೇ ಮಾತೇ ಇಲ್ಲ.

ಹಿಕ್ಕೆಗೆ ವಾಸನೆ ಇಲ್ಲ, ಒಣಗಿದ ಹುಲ್ಲಿನ ಉಂಡೆ ಅದು. ವಾಸನೆ ಬರೋದು ಮೂತ್ರದಿಂದ, ಅದೂ ಸಂತಾನಹರಣ ಆಪರೇಷನ್ ಆಗದ ಗಂಡು ಮೊಲದ್ದು ಜಾಸ್ತಿ. ಒಂದೇ ಮೂಲೇಲಿ ಹೋಗೋ ಅಭ್ಯಾಸ ಮೊಲಕ್ಕೆ ತಾನಾಗೇ ಇರುತ್ತೆ. ಯಾವ ಮೂಲೆ ಅಂತ ಅದೇ ಆರಿಸ್ಕೊಳ್ಳುತ್ತೆ, ನಾವು ಅಲ್ಲಿ ಟ್ರೇ ಇಟ್ಟರೆ ಆಯ್ತು. ಕೆಳಗೆ ಕಾಗದದ ಪೆಲೆಟ್ ಅಥವಾ ಹಳೇ ಪೇಪರ್ ಚೂರು, ಮೇಲೆ ತೆಕ್ಕೆ ತುಂಬ ಒಣಹುಲ್ಲು. ತಿನ್ನೋದು, ಹಿಕ್ಕೆ ಹಾಕೋದು ಎರಡನ್ನೂ ಒಟ್ಟಿಗೇ ಮಾಡೋ ಪ್ರಾಣಿ ಇದು. ಹುಲ್ಲು ಟ್ರೇನಲ್ಲೇ ಇದ್ದರೆ ಬೇರೆ ಕಡೆ ಹೋಗೋ ಪ್ರಮೇಯ ಕಡಿಮೆ. ಬೆಕ್ಕಿಗೆ ಹಾಕೋ ಗಟ್ಟಿಯಾಗೋ ಮಣ್ಣಿನ ಲಿಟರ್ ಬೇಡವೇ ಬೇಡ, ತಿಂದರೆ ಕರುಳಲ್ಲಿ ಗಟ್ಟಿಯಾಗಿ ಕೂರುತ್ತೆ. ಪೈನ್, ಸೀಡರ್ ಮರದ ಹೊಟ್ಟೂ ಬೇಡ, ಅದರ ಘಾಟು ಲಿವರ್‌ಗೆ ಒಳ್ಳೇದಲ್ಲ.

ಸೋಫಾ ವಿಷಯದಲ್ಲಿ ಅತ್ತೆಗೆ ಸುಳ್ಳು ಭರವಸೆ ಕೊಡಬೇಡಿ. ಕಡಿಯುತ್ತೆ. ಸೋಫಾದ ಕೆಳಗಿನ ಬಟ್ಟೆ ಹರಿದು ಒಳಗೆ ಹೋಗಿ ಸಂಸಾರ ಹೂಡುತ್ತೆ. ಚಾರ್ಜರ್ ವೈರ್ ಅಂತೂ ಒಂದೇ ಕಚ್ಚು, ಕತ್ತರಿ ಹಾಕಿದ ಹಾಗೆ ತುಂಡು. ಬಿಲದಲ್ಲಿ ಅಡ್ಡ ಬರೋ ಬೇರು ಕಡಿದು ದಾರಿ ಬಿಡಿಸ್ಕೊಳ್ಳೋ ಜಾತಿ, ಅದರ ಕಣ್ಣಿಗೆ ವೈರೂ ಒಂದು ಬೇರು. ಹಾಗಾಗಿ ಒಂದು ರೂಮನ್ನ ಮೊಲದ ರೂಮು ಅಂತ ಮಾಡಿ, ವೈರ್‌ಗೆಲ್ಲ ಗಟ್ಟಿ ಪೈಪ್ ಹಾಕಿ ಗೋಡೆ ಮೇಲಕ್ಕೆ ಎತ್ತಿಬಿಡಿ. ಕುಂಡದ ಗಿಡಗಳನ್ನೂ ನೋಡ್ಕೊಳ್ಳಿ. ಮನಿಪ್ಲಾಂಟ್, ಡೈಫನ್‌ಬೇಕಿಯಾ ಎರಡೂ ಬಾಯಿ ಸುಡೋ ಗಿಡಗಳು.

ಹಿತ್ತಲಮನೆ

ಮೂರನೇಮಹಡಿಯವರು ಮೂರನೇ ಮಹಡೀಲಿ ಇದ್ದು "ಒಳಗೆ" ಅಂತಾರೆ, ಸರಿಯೇ, ಅವರಿಗೆ ಬೇರೆ ದಾರಿ ಏನಿದೆ.

ನಮ್ಮ ಮೊಲಗಳು ಹೊರಗೇ ಇರೋದು. ಸಾಕುಮೊಲ ಎಷ್ಟೇ ಗೊಂಬೆ ಥರ ಕಾಣಲಿ, ಕಿವಿ ನೆಟ್ಟಗಿರಲಿ ಜೋತಾಡಲಿ, ಎಲ್ಲ ತಳಿಗೂ ಮೂಲ ಒಂದೇ: ಯುರೋಪಿನ ಕಾಡುಮೊಲ, ಸ್ಪೇನ್ ಪೋರ್ಚುಗಲ್ ಕಡೆಯದು. ನೆಲದಡಿ ಬಿಲ ತೋಡಿ ಗುಂಪಾಗಿ ಬದುಕೋ ಜೀವ. ಅದು ಬಿಲ ತೋಡೋದನ್ನ ಒಂದ್ಸಲ ನೋಡಿ. ಮುಂಗಾಲಲ್ಲಿ ಮಣ್ಣು ಕೆರೆದು ಹೊಟ್ಟೆ ಕೆಳಗೆ ಹಾಕ್ಕೊಳ್ಳುತ್ತೆ, ಗುಡ್ಡೆ ಆದಮೇಲೆ ಹಿಂಗಾಲಲ್ಲಿ ಝಾಡಿಸಿ ಒದೆಯುತ್ತೆ, ಆಮೇಲೆ ತಿರುಗಿ ನಿಂತು ಎದೆ ಒತ್ತಿ ಎರಡೂ ಮುಂಗಾಲಲ್ಲಿ ಮಣ್ಣನ್ನ ಹೊರಗೆ ದೂಡುತ್ತೆ. ಮೂಗಿನ ತುದೀಲಿ ಮಣ್ಣು ಮೆತ್ತಿರುತ್ತೆ, ಒಂದ್ಸಲ ಸೀನಿ, ಮುಖ ಒರೆಸ್ಕೊಂಡು ಮತ್ತೆ ಶುರು. ಟೈಲ್ಸ್ ಮೇಲೆ ಹುಟ್ಟಿ ಟೈಲ್ಸ್ ಮೇಲೆ ಸಾಯೋ ಮೊಲಕ್ಕೆ ಈ ಸುಖ ಎಲ್ಲಿ ಸಿಗಬೇಕು?

ಇನ್ನೊಂದು ವಿಷಯ, ಟೈಲ್ಸೇ ಒಂದು ಸಮಸ್ಯೆ. ನಾಯಿ ಬೆಕ್ಕಿನ ಹಾಗೆ ಮೊಲದ ಪಾದದಡಿ ಮೆತ್ತೆ ಇರಲ್ಲ, ಬರೀ ಕೂದಲು. ನುಣುಪು ನೆಲದಲ್ಲಿ ಕಾಲು ಜಾರುತ್ತೆ, ಹೆದರಿ ಮೂಲೆ ಬಿಟ್ಟು ಬರಲ್ಲ. ಜೊತೆಗೆ ಬಿಸಿಲು. ಕಿಟಕಿ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದ್ರೆ ವಿಟಮಿನ್ ಡಿ ಸಿಗಲ್ಲ, ಅದಕ್ಕೆ ಬೇಕಾದ ಕಿರಣವನ್ನ ಗಾಜು ತಡೀತದೆ. ಒಳಗೇ ಇರೋ ಮೊಲಗಳ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇರೋದು ಪರೀಕ್ಷೆಗಳಲ್ಲೇ ಕಂಡಿದೆ.

ನಿಮ್ಮ ಯಜಮಾನರು ಹೇಳಿದ್ದು ಸರಿಯಾಗೇ ಇದೆ ಅಕ್ಕ.

ಬೇಲಿಕಂಬ

ಒಳಗೆ ಹೊರಗೆ ನೀವೇ ನೋಡ್ಕೊಳ್ಳಿ. ಹೊರಗೆ ಅಂತ ಆದ್ರೆ ಒಂದು ಮಾತು: ಕೋಳಿಗೆ ಹಾಕೋ ಷಡ್ಭುಜದ ತೆಳು ಜಾಲರಿ ಹಾಕಿ "ಗಟ್ಟಿ ಗೂಡು" ಅನ್ನಬೇಡಿ. ಅದು ಮೊಲ ಹೊರಗೆ ಹೋಗದ ಹಾಗೆ ತಡೆಯುತ್ತೆ, ನಾಯಿ ಒಳಗೆ ಬರದ ಹಾಗೆ ತಡೆಯಲ್ಲ. ವೆಲ್ಡ್ ಮೆಶ್, ಅಂದ್ರೆ ಬೆಸುಗೆ ಹಾಕಿದ ತಂತಿ ಜಾಲರಿ ಬೇಕು, ಕಣ್ಣು ಅರ್ಧ ಇಂಚಿನದು. ಅದಕ್ಕಿಂತ ದೊಡ್ಡದಾದ್ರೆ ಇಲಿ ಹಾವು ನುಗ್ಗುತ್ತೆ, ಮರಿ ಇದ್ದರೆ ಕಥೆ ಮುಗೀತು. ಮೇಲೂ ಮುಚ್ಚಬೇಕು, ಹದ್ದಿಗೆ ಬಾಗಿಲು ಬೇಕಿಲ್ಲ. ಕೆಳಗೆ? ಮೊಲ ಒಳಗಿಂದ ತೋಡುತ್ತೆ, ನಾಯಿ ಮುಂಗುಸಿ ಹೊರಗಿಂದ ತೋಡುತ್ತೆ. ಜಾಲರಿಯನ್ನ ನೆಲದೊಳಗೆ ಒಂದೂವರೆ ಅಡಿ ಇಳಿಸಿ, ಅಲ್ಲಿಂದ ಹೊರಕ್ಕೆ ಮಡಚಬೇಕು.

ಮೂರನೇಮಹಡಿ

ಇಷ್ಟೆಲ್ಲ ಕಾವಲು ಬೇಕು ಅಂದ್ಮೇಲೆ ಆ ಜಾಗ ಮೊಲಕ್ಕೆ ಸರಿ ಇಲ್ಲ ಅಂತಲೇ ಅರ್ಥ ಅಲ್ವಾ? ಕೋಟೆ ಕಟ್ಟಿ ಒಳಗೆ ಕೂರಿಸೋ ಬದಲು ಮನೆಯೊಳಗೇ ಕೂರಿಸಬಹುದು.

ಇನ್ನೊಂದು ಮಾತು ಬೇಲಿಕಂಬದವರು ಬಿಟ್ಟಿದ್ದಾರೆ. ನಾಯಿ ಒಳಗೆ ಬರಲೇಬೇಕು ಅಂತಿಲ್ಲ. ಜಾಲರಿ ಸುತ್ತ ರಾತ್ರಿಯಿಡೀ ಓಡಾಡಿ ಬೊಗಳಿದ್ರೂ ಸಾಕು, ಗಾಬರಿಗೆ ಮೊಲ ಸತ್ತಿರೋ ಉದಾಹರಣೆ ಇದೆ. ಮೈಮೇಲೆ ಒಂದು ಗಾಯ ಇರಲ್ಲ.

ಹಿತ್ತಲಮನೆ

ಒಳಗಿದ್ದರೆ ಮಿಕ್ಸಿ ಸದ್ದು, ಕುಕ್ಕರ್ ಸೀಟಿ, ಟಿವಿ, ಮಕ್ಕಳ ಗಲಾಟೆ. ಅದು ಗಾಬರಿ ಅಲ್ವಾ? ನಾನು ನೋಡಿದ ಎಷ್ಟೋ "ಮನೆಮೊಲ" ಹಾಲ್ ಮೂಲೇಲಿ ಮೂರಡಿ ಪಂಜರದಲ್ಲಿ ದಿನಪೂರ್ತಿ ಕೂತಿರುತ್ತವೆ. ನೆಂಟರು ಬಂದಾಗ ಹೊರಗೆ ತೆಗೆದು ಫೋಟೊ, ಆಮೇಲೆ ಮತ್ತೆ ಒಳಗೆ. ಅದನ್ನ ಒಳಗೆ ಸಾಕೋದು ಅಂತೀರಾ? ನಾನಂತೂ ಜೈಲು ಅಂತೀನಿ.

ಸ್ಟೆತಸ್ಕೋಪ್

ನಾನು ಪಶುವೈದ್ಯೆ. ಮೊಲಗಳನ್ನು ಹೆಚ್ಚಾಗಿ ನೋಡುತ್ತೇನೆ. ಇಬ್ಬರ ಮಾತಿನಲ್ಲೂ ಸತ್ಯ ಇದೆ, ಆದರೆ ನನ್ನ ಟೇಬಲ್ ಮೇಲೆ ಬರುವ ಮೊಲಗಳನ್ನು ನೋಡಿ ಹೇಳುವುದಾದರೆ ನೀವಿಬ್ಬರೂ ಜಗಳವಾಡುತ್ತಿರುವುದು ಮುಖ್ಯವಲ್ಲದ ವಿಷಯಕ್ಕೆ.

ಮೊಲ ಬೇರೆ ಪ್ರಾಣಿಗಳಿಗೆ ಬೇಟೆ. ಕಾಯಿಲೆ ಬಿದ್ದಿದ್ದೇನೆ ಎಂದು ತೋರಿಸಿಕೊಂಡರೆ ಅದೇ ಮೊದಲು ಬಲಿ. ಹಾಗಾಗಿ ನೋವನ್ನು ಮುಚ್ಚಿಡುತ್ತದೆ. ನಾಯಿ ಕುಂಟುತ್ತದೆ, ಬೆಕ್ಕು ಕೂಗುತ್ತದೆ, ಮೊಲ ಸುಮ್ಮನೆ ಕೂರುತ್ತದೆ. ಮೈ ಮುದುಡಿಕೊಂಡು, ಕಣ್ಣು ಅರ್ಧ ಮುಚ್ಚಿ, ಕಿವಿ ಹಿಂದಕ್ಕೆ ಒತ್ತಿ, ಆಗಾಗ ಹೊಟ್ಟೆಯನ್ನು ನೆಲಕ್ಕೆ ಒತ್ತುತ್ತಾ ಕೂರುತ್ತದೆ. ಹತ್ತಿರ ಹೋಗಿ ಕಿವಿಗೊಟ್ಟರೆ ಹಲ್ಲು ಕಡಿಯುವ ಗಟ್ಟಿ ಶಬ್ದ ಕೇಳಬಹುದು. ತಲೆ ಸವರಿದಾಗ ಖುಷಿಗೆ ಮಾಡುವ ಮೆಲ್ಲನೆಯ ಕಟಕಟ ಬೇರೆ, ಈ ಶಬ್ದ ಬೇರೆ. ದೂರದಿಂದ ನೋಡಿದವರಿಗೆ "ಆರಾಮಾಗಿ ಮಲಗಿದೆ" ಅನ್ನಿಸುತ್ತದೆ, ಅಷ್ಟೇ.

ಮೊಲದ ಕರುಳು ನಿಲ್ಲದೆ ಚಲಿಸುತ್ತಿರಬೇಕು. ತಿನ್ನುವುದರಲ್ಲಿ ನೂರಕ್ಕೆ 80 ಭಾಗಕ್ಕಿಂತ ಹೆಚ್ಚು ಹುಲ್ಲೇ ಆಗಿರಬೇಕು, ಅದರ ನಾರೇ ಕರುಳನ್ನು ಓಡಿಸುವುದು. ಯಾವ ಕಾರಣಕ್ಕೋ ತಿನ್ನುವುದು ನಿಂತರೆ, ಹಲ್ಲುನೋವು ಇರಬಹುದು, ಹೆದರಿಕೆ ಇರಬಹುದು, ಸೆಖೆ ಇರಬಹುದು, ಕರುಳು ನಿಧಾನವಾಗುತ್ತದೆ. ಗ್ಯಾಸ್ ತುಂಬುತ್ತದೆ, ಗ್ಯಾಸ್‌ನಿಂದ ನೋವು, ನೋವಿನಿಂದ ಇನ್ನೂ ತಿನ್ನುವುದಿಲ್ಲ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಹತ್ತು ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ತುರ್ತು. ನಾಳೆ ನೋಡೋಣ ಎನ್ನುವಂತಿಲ್ಲ.

ಈಗ ಲೆಕ್ಕ ಹಾಕಿ. ಸಂಜೆ ಹುಲ್ಲು ಹಾಕಿ ಹೋದವರು ಮತ್ತೆ ಗೂಡಿನ ಹತ್ತಿರ ಬರುವುದು ಬೆಳಿಗ್ಗೆ. ಒಳಗಿನ ಮೊಲ ರಾತ್ರಿ ಎಂಟಕ್ಕೆ ಪೆಲೆಟ್ (ಒಣ ಉಂಡೆ ಆಹಾರ) ಡಬ್ಬದ ಸದ್ದಿಗೆ ಓಡಿ ಬರದಿದ್ದರೆ ಒಂಬತ್ತಕ್ಕೆ ನನಗೆ ಫೋನ್ ಬರುತ್ತದೆ. ಹೊರಗಿನ ಮೊಲದ ಫೋನ್ ಬರುವಷ್ಟರಲ್ಲಿ ಅದರ ಮೈ ತಣ್ಣಗಾಗಿರುತ್ತದೆ. ಮೊಲದ ಮೈ ಬಿಸಿ 38.5ರಿಂದ 40 ಡಿಗ್ರಿ ಇರಬೇಕು. 37ಕ್ಕಿಂತ ಕೆಳಗಿಳಿದು ಬಂದದ್ದನ್ನು ಉಳಿಸುವುದು ಬಹಳ ಕಷ್ಟ. ಕಾಯಿಲೆ ಎರಡರದ್ದೂ ಒಂದೇ, ನೋಡಿದವರ ಕಣ್ಣು ಎಷ್ಟು ಹತ್ತಿರ ಇತ್ತು ಅನ್ನುವುದಷ್ಟೇ ವ್ಯತ್ಯಾಸ.

ಮಂಚದ ಕೆಳಗೆ ಬಿಟ್ಟು ಎರಡು ದಿನ ತಿರುಗಿ ನೋಡದವರ ಮೊಲವೂ ಬರುತ್ತದೆ. ಅದು ಒಳಗಿದ್ದೂ ಹೊರಗೇ ಇದ್ದಂತೆ.

ಸುಮ್ನೆಓದುಗ

ಡಾಕ್ಟರಮ್ಮ, ಸೆಖೆ ಬಗ್ಗೆ ಸ್ವಲ್ಪ ಹೇಳಿ. ಎಷ್ಟು ಡಿಗ್ರಿವರೆಗೆ ಹೊರಗೆ ಬಿಡಬಹುದು?

ಸ್ಟೆತಸ್ಕೋಪ್

15ರಿಂದ 21 ಡಿಗ್ರಿ ಮೊಲಕ್ಕೆ ಹಿತ. 26 ದಾಟಿದರೆ ಕಣ್ಣಿಡಬೇಕು, 30 ದಾಟಿದರೆ ಹೊರಗಿನ ಮೊಲವನ್ನು ಒಳಗೆ ತನ್ನಿ. ಅದಕ್ಕೆ ಬೆವರಲು ಬರುವುದಿಲ್ಲ, ನಾಯಿಯಂತೆ ನಾಲಿಗೆ ಚಾಚಿ ಏದುಸಿರು ಬಿಟ್ಟು ತಂಪಾಗಲೂ ಬರುವುದಿಲ್ಲ. ಮೈ ಬಿಸಿ ಹೊರಹಾಕಲು ಮುಖ್ಯವಾಗಿ ಇರುವುದು ಆ ಎರಡು ಕಿವಿ. ತಗಡಿನ ಚಾವಣಿ ಇರುವ ಗೂಡು ಮಧ್ಯಾಹ್ನದ ಹೊತ್ತಿಗೆ ಒಲೆ.

ಕಿವಿ ಕೆಂಪೇರಿ, ಬಾಯಿ ತೆರೆದು ಉಸಿರಾಡುತ್ತಾ, ಜೊಲ್ಲು ಸುರಿಸುತ್ತಾ ಬಿದ್ದಿದ್ದರೆ ಕಿವಿಗೆ ತಣ್ಣೀರಿನ ಒದ್ದೆ ಬಟ್ಟೆ ಹಚ್ಚಿ, ಫ್ಯಾನ್ ಗಾಳಿ ಕೊಟ್ಟು ಕೂಡಲೇ ವೈದ್ಯರ ಬಳಿ ಕರೆತನ್ನಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ, ಆ ಆಘಾತಕ್ಕೇ ಸಾಯಬಹುದು. ಬಾಯಿಗೆ ನೀರು ಸುರಿಯಲೂಬೇಡಿ.

ಸೆಖೆ ಜೊತೆ ನೊಣ. ಹಿಂಭಾಗ ಹಿಕ್ಕೆ ಮೂತ್ರ ಮೆತ್ತಿ ಗಲೀಜಾಗಿದ್ದರೆ ನೊಣ ಅಲ್ಲಿ ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಹುಳು ಒಡೆದು ಬದುಕಿರುವ ಮೊಲದ ಮಾಂಸವನ್ನೇ ತಿನ್ನಲು ತೊಡಗುತ್ತದೆ. ಬೇಸಿಗೆ ಮಳೆಗಾಲದಲ್ಲಿ ಹೊರಗಿನ ಮೊಲದ ಬಾಲ ಎತ್ತಿ ದಿನಕ್ಕೆ ಎರಡು ಸಲ ನೋಡಲೇಬೇಕು. ದಪ್ಪ ಮೊಲ, ಮುದಿ ಮೊಲಗಳಿಗೆ ಬಾಗಿ ತಮ್ಮ ಹಿಂಭಾಗ ಶುಚಿ ಮಾಡಿಕೊಳ್ಳಲು ಆಗುವುದಿಲ್ಲ, ಅವಕ್ಕೆ ಅಪಾಯ ಹೆಚ್ಚು.

ಹಿಮಗಾಳಿ

ನಾವಿರೋದು ಚಳಿ ಜಾಸ್ತಿ ಇರೋ ಕಡೆ, ಅದಕ್ಕೆ ಇನ್ನೊಂದು ಬದಿ ಹೇಳ್ತೀನಿ. ಚಳಿ ಮೊಲಕ್ಕೆ ಸೆಖೆಯಷ್ಟು ಶತ್ರು ಅಲ್ಲ. ಮೈ ಒದ್ದೆ ಆಗಬಾರದು, ನೇರ ಗಾಳಿ ಹೊಡೀಬಾರದು, ಮಲಗೋ ಡಬ್ಬದಲ್ಲಿ ಒಣಹುಲ್ಲು ತುಂಬಿರಬೇಕು, ಕುಡಿಯೋ ನೀರು ಹೆಪ್ಪುಗಟ್ಟಬಾರದು. ಇಷ್ಟಿದ್ದರೆ ಎರಡು ಮೊಲ ಮೈಗೆ ಮೈ ಒತ್ತಿ ಆರಾಮಾಗಿರ್ತವೆ. ಒಂಟಿ ಮೊಲಕ್ಕೆ ಆ ಶಾಖ ಇಲ್ಲ.

ಮಾಡಬಾರದ್ದು ಅಂದ್ರೆ ಮನಸ್ಸು ಬಂದಾಗ ಒಳಗೆ, ಬೇಡವಾದಾಗ ಹೊರಗೆ. ಹೊರಗಿರೋ ಮೊಲ ಚಳಿಗಾಲಕ್ಕೆ ಅಂತ ದಟ್ಟ ಕೂದಲು ಬೆಳೆಸ್ಕೊಂಡಿರುತ್ತೆ. ಪಾಪ ಅಂತ ಹೀಟರ್ ರೂಮಿಗೆ ತಂದರೆ ಅದಕ್ಕೆ ಬೇಗುದಿ. ಬೆಚ್ಚಗಿನ ರೂಮಲ್ಲಿ ಬೆಳೆದದ್ದನ್ನ ಚಳಿಗಾಲದ ಮಧ್ಯೆ ಹೊರಗೆ ಬಿಟ್ಟರೆ ಮೈಮೇಲೆ ಆ ಕೂದಲೇ ಇರಲ್ಲ. ಹೊರಗೆ ಸಾಕೋದಾದ್ರೆ ಹವಾ ಹದವಾಗಿರೋ ತಿಂಗಳಲ್ಲಿ ಶುರು ಮಾಡಿ, ನಿಧಾನಕ್ಕೆ ಒಗ್ಗಲಿ.

ರಾತ್ರಿಪಾಳಿ

ಒಂದು ವಿಷಯ ಯಾರೂ ಎತ್ತಿಲ್ಲ. ಮೊಲ ಹಗಲಿನ ಪ್ರಾಣಿ ಅಲ್ಲ, ಪೂರ್ತಿ ರಾತ್ರಿಯದೂ ಅಲ್ಲ. ಮುಂಜಾವು, ಮುಸ್ಸಂಜೆ, ಇವೆರಡು ಅದರ ಹೊತ್ತು. ಮಧ್ಯಾಹ್ನ ನೀವು ಎಷ್ಟೇ ಕರೆದ್ರೂ ಸತ್ತ ಹಾಗೆ ಬಿದ್ದಿರುತ್ತೆ. ಸೂರ್ಯ ಇಳಿದ್ಮೇಲೆ ನೋಡಿ: ಓಡೋದೇನು, ಗಾಳೀಲಿ ಎಗರಿ ಸೊಂಟ ಒಂದು ಕಡೆ ತಲೆ ಒಂದು ಕಡೆ ತಿರುಚೋದೇನು.

ಹೊರಗೆ ಸಾಕೋ ಮುಕ್ಕಾಲು ಪಾಲು ಜನ ಮಾಡೋದೇನು? ಹಗಲು ಹೊತ್ತು ಹಿತ್ತಿಲಲ್ಲಿ ಬಿಡ್ತಾರೆ, ಕತ್ತಲಾಗ್ತಿದ್ದ ಹಾಗೆ ನಾಯಿ ನರಿ ಭಯಕ್ಕೆ ಗೂಡಿಗೆ ಹಾಕಿ ಚಿಲಕ ಹಾಕ್ತಾರೆ. ಅಂದ್ರೆ ಮಲಗೋ ಹೊತ್ತಲ್ಲಿ ಬಯಲು, ಓಡೋ ಹೊತ್ತಲ್ಲಿ ಪೆಟ್ಟಿಗೆ. ಮಣ್ಣು ಬಿಸಿಲು ಅಂತ ಇಷ್ಟು ಮಾತಾಡೋರು ಇದಕ್ಕೆ ಏನಂತೀರಿ? ನಾನು ಬೆಳಗಿನ ಜಾವ ಕೆಲಸ ಮುಗಿಸಿ ಬಾಗಿಲು ತೆಗೆದ್ರೆ ನನ್ನ ಮೊಲ ಕಾಲ ಸುತ್ತ ಎಂಟರ ಆಕಾರದಲ್ಲಿ ಸುತ್ತು ಹಾಕ್ತಾ ಇರುತ್ತೆ. ನಮ್ಮಿಬ್ಬರ ಟೈಮು ಹೊಂದ್ಕೊಳ್ಳುತ್ತೆ, ಅಷ್ಟೇ ನನ್ನ ಅದೃಷ್ಟ.

ಹಿತ್ತಲಮನೆ

ರಾತ್ರಿಪಾಳಿಯವರ ಮಾತು ಒಪ್ತೀನಿ, ಆದ್ರೆ ಅದು ಹೊರಗೆ ಸಾಕೋದರ ತಪ್ಪಲ್ಲ, ಕೆಟ್ಟದಾಗಿ ಸಾಕೋದರ ತಪ್ಪು. ನಮ್ಮಲ್ಲಿ ಮಲಗೋ ಗೂಡು ಓಟದ ಜಾಗಕ್ಕೇ ಅಂಟಿದೆ, ಮಧ್ಯೆ ಬಾಗಿಲಿಲ್ಲ. ಇಡೀ ಜಾಗವೇ ಬೇಲಿಕಂಬದವರು ಹೇಳಿದ ಹಾಗೆ ಮುಚ್ಚಿದೆ. ರಾತ್ರಿ ಎರಡಕ್ಕೆ ಓಡಬೇಕು ಅನ್ನಿಸಿದ್ರೂ ಓಡ್ತವೆ.

ಮೇಡಂ ಹೇಳಿದ ಕಣ್ಣಿನ ವಿಷಯಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಮಲಗೋ ಮುಂಚೆ ಒಂದ್ಸಲ ಟಾರ್ಚ್ ಹಿಡಿದು ಹೋಗಿ ಹೊಸ ಹಿಕ್ಕೆ ಇದೆಯಾ, ಹುಲ್ಲು ಕಡಿಮೆ ಆಗಿದೆಯಾ ನೋಡ್ತೀನಿ. ಮಳೇಲೂ. ಅದನ್ನ ಮಾಡಕ್ಕೆ ಆಗದೋರು ಹೊರಗೆ ಸಾಕಬೇಡಿ, ಇದು ನಾನೇ ಹೇಳ್ತಿದ್ದೀನಿ.

ಬಿಳಿಕಿವಿ

ಓದ್ತಾ ಓದ್ತಾ ಯಜಮಾನರನ್ನೂ ಪಕ್ಕದಲ್ಲಿ ಕೂರಿಸ್ಕೊಂಡೆ. ಟಾರ್ಚ್ ವಿಷಯ ಬಂದ ಕೂಡಲೇ ಅವರು ಗಡಿಯಾರ ನೋಡಿದ್ರು. ಅವರು ರಾತ್ರಿ ಒಂಬತ್ತೂವರೆಗೆ ಮಲಗೋ ಮನುಷ್ಯ.

ಎರಡು ಪ್ರಶ್ನೆ. ಒಂದು: ಒಳಗಿದ್ದರೆ ಎಷ್ಟು ಜಾಗ ಕೊಡಬೇಕು? ಎರಡು: ಸೊಳ್ಳೆಯಿಂದ ಮೊಲಕ್ಕೆ ಏನೋ ರೋಗ ಬರುತ್ತೆ ಅಂತ ಎಲ್ಲೋ ಓದಿದ್ದೆ, ಒಳಗಿದ್ದರೆ ಅದರ ಭಯ ಇಲ್ಲ ತಾನೆ?

ಸ್ಟೆತಸ್ಕೋಪ್

ಜಾಗ: ಬ್ರಿಟನ್‌ನ ರ‍್ಯಾಬಿಟ್ ವೆಲ್‌ಫೇರ್ ಅಸೋಸಿಯೇಷನ್ ಅಂಡ್ ಫಂಡ್ ಎರಡು ಮೊಲಗಳಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ ಎನ್ನುತ್ತದೆ. ಅದು ಹಗಲು ರಾತ್ರಿ ಸದಾ ತೆರೆದಿರಬೇಕಾದ ಜಾಗ, ದಿನಕ್ಕೆ ಒಂದು ಗಂಟೆ ಬಿಡುವ ಜಾಗವಲ್ಲ. ಒಳಗಿನ ಮೊಲಕ್ಕೂ ಹೊರಗಿನ ಮೊಲಕ್ಕೂ ಇದೇ ಅಳತೆ. ಹಿಂಗಾಲ ಮೇಲೆ ಕಿವಿ ತಗುಲದಂತೆ ನೆಟ್ಟಗೆ ನಿಲ್ಲಲು ಆಗಬೇಕು, ಒಂದೆರಡು ನೆಗೆತಕ್ಕೆ ಗೋಡೆ ಬಡಿಯಬಾರದು. ಅಂಗಡಿಯಲ್ಲಿ ಮೊಲದ ಪಂಜರ ಎಂದು ಮಾರುವುದು ಬಹುತೇಕ ಇದರ ಹತ್ತಿರಕ್ಕೂ ಬರುವುದಿಲ್ಲ. ತಂತಿ ನೆಲದ ಪಂಜರ ಇನ್ನೂ ಕೆಟ್ಟದ್ದು, ಪಾದದಡಿಯ ಕೂದಲು ಸವೆದು ಹುಣ್ಣಾಗುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ: ಭಯ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ನೀವು ಹೇಳುವುದು ಮಿಕ್ಸೊಮಟೋಸಿಸ್. ಕಾಡುಮೊಲಗಳ ಸಂಖ್ಯೆ ತಗ್ಗಿಸಲು 1950ರಲ್ಲಿ ಆಸ್ಟ್ರೇಲಿಯಾದಲ್ಲಿ ಬೇಕೆಂದೇ ಬಿಟ್ಟ ವೈರಸ್ ಅದು. 1952ರಲ್ಲಿ ಫ್ರಾನ್ಸ್‌ನಲ್ಲಿ ಒಬ್ಬರು ತಮ್ಮ ಎಸ್ಟೇಟಿನ ಮೊಲಗಳಿಗೆ ಹಚ್ಚಿದರು, ಅಲ್ಲಿಂದ ಯುರೋಪಿಗೆಲ್ಲ ಹರಡಿತು. ಸೊಳ್ಳೆ, ಚಿಗಟ ಎರಡೂ ಹರಡುತ್ತವೆ. ಕಣ್ಣು ಊದಿ ಮುಚ್ಚಿಹೋಗುತ್ತದೆ, ಮುಖ ಮತ್ತು ಗುದದ ಸುತ್ತ ಗಂಟು ಬರುತ್ತದೆ, ಉಳಿಯುವುದು ಅಪರೂಪ. ಸೊಳ್ಳೆ ಕಿಟಕಿಯಿಂದಲೂ ಬರುತ್ತದಲ್ಲ, ಹಾಗಾಗಿ ಮೊಲದ ಕೋಣೆಗೆ ಸೊಳ್ಳೆಜಾಲರಿ ಹಾಕಿ.

ಇನ್ನೊಂದು, ಆರ್‌ಎಚ್‌ಡಿ ಎನ್ನುವ ಮೊಲಗಳ ರಕ್ತಸ್ರಾವದ ವೈರಸ್ ರೋಗ. 1984ರಲ್ಲಿ ಚೀನಾದಲ್ಲಿ ಮೊದಲು ಕಂಡಿತು, 2010ರಲ್ಲಿ ಫ್ರಾನ್ಸ್‌ನಲ್ಲಿ ಎರಡನೇ ಬಗೆ ಬಂತು. ಎಷ್ಟೋ ಸಲ ಯಾವ ಲಕ್ಷಣವೂ ಇಲ್ಲದೆ ಮೊಲ ಸತ್ತು ಬಿದ್ದಿರುತ್ತದೆ. ವೈರಸ್ ಹೊರಗೆ ವಾರಗಟ್ಟಲೆ ಬದುಕುತ್ತದೆ. ಚಪ್ಪಲಿಗೆ ಅಂಟಿ, ಹುಲ್ಲಿನ ಹೊರೆಯಲ್ಲಿ, ನೊಣದ ಕಾಲಿನಲ್ಲಿ ಒಳಗೇ ಬರುತ್ತದೆ. ಎರಡಕ್ಕೂ ಲಸಿಕೆಗಳಿವೆ, ಆದರೆ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ನಿಮ್ಮಲ್ಲಿ ಸಿಗುತ್ತದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಒಳಗಿದೆ, ಲಸಿಕೆ ಬೇಡ ಎಂದು ಬಿಡಬೇಡಿ.

ಹುಲ್ಲುಹೊರೆ

ಒಂದು ನಿಮಿಷ. ಎಲ್ಲರೂ ಜಾಗ, ಜಾಲರಿ ಅಂತ ಹೊಡೆದಾಡ್ತಿದ್ದೀರಿ, ಮೊದಲನೇ ಪೋಸ್ಟ್ ಸರಿಯಾಗಿ ಓದಿದ್ರಾ? ಒಂದು ಗಂಡು, ಒಂದು ಹೆಣ್ಣು, ಒಂದೇ ಸೂಲು!!

ಅಣ್ಣ ತಂಗಿ ಅನ್ನೋದು ಮೊಲಕ್ಕೆ ಗೊತ್ತಿಲ್ಲ. ಮೂರೂವರೆ ನಾಲ್ಕು ತಿಂಗಳಿಗೆ ಮರಿ ಹಾಕೋ ಶಕ್ತಿ ಬರುತ್ತೆ. ಗರ್ಭ ಒಂದು ತಿಂಗಳು, ಲೆಕ್ಕ ಹಿಡಿದರೆ 31 ದಿನ ಆಸುಪಾಸು. ಹಾಕಿದ ದಿನವೇ ಮತ್ತೆ ಗಬ್ಬ ಆಗಬಹುದು. ಒಳಗಾ ಹೊರಗಾ ಅನ್ನೋ ಪ್ರಶ್ನೆ ಆರು ತಿಂಗಳಲ್ಲಿ "ಇಷ್ಟೊಂದು ಎಲ್ಲಿಡೋದು" ಅನ್ನೋ ಪ್ರಶ್ನೆ ಆಗುತ್ತೆ.

ಮೂರನೇಮಹಡಿ

ಅಯ್ಯೋ ಹೌದಲ್ಲ! ಯಾರೂ ಗಮನಿಸಿಲ್ಲ.

ಸ್ಟೆತಸ್ಕೋಪ್

ಹುಲ್ಲುಹೊರೆಯವರಿಗೆ ಧನ್ಯವಾದ. ಹನ್ನೆರಡು ವಾರಕ್ಕೇ ಇಬ್ಬರನ್ನೂ ಬೇರೆ ಮಾಡಿ. ಜಾಲರಿಯ ಆಚೆ ಈಚೆ ಇರಲಿ, ಮುಖ ನೋಡಿಕೊಳ್ಳಲಿ. ಆದರೆ ಜಾಲರಿ ಒಂದಕ್ಕೊಂದು ಅಂಟಿರಬಾರದು, ಮಧ್ಯೆ ಗೇಣು ಜಾಗ ಬಿಡಿ. ಗಂಡಿಗೆ ವೃಷಣ ಇಳಿದ ಮೇಲೆ, ಸುಮಾರು ನಾಲ್ಕು ತಿಂಗಳಿಗೆ ಆಪರೇಷನ್ ಮಾಡಿಸಬಹುದು. ಮಾಡಿಸಿದ ದಿನವೇ ಒಟ್ಟಿಗೆ ಬಿಡಬೇಡಿ, ಆರು ವಾರದವರೆಗೂ ಗರ್ಭ ಕಟ್ಟಿಸುವ ಸಾಧ್ಯತೆ ಉಳಿದಿರುತ್ತದೆ. ಹೆಣ್ಣಿಗೆ ಐದಾರು ತಿಂಗಳಿಗೆ. ಹೆಣ್ಣಿಗೆ ಮರಿ ತಡೆಯಲಷ್ಟೇ ಅಲ್ಲ, ಆಪರೇಷನ್ ಆಗದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ.

ಒಂದು ಎಚ್ಚರಿಕೆ. ನಾಯಿ ಬೆಕ್ಕಿನಂತೆ ಹಿಂದಿನ ರಾತ್ರಿ ಉಪವಾಸ ಇರಿಸಿ ಎಂದು ಹೇಳುವ ವೈದ್ಯರು ಸಿಕ್ಕರೆ ಎದ್ದು ಬನ್ನಿ. ಮೊಲಕ್ಕೆ ಆಪರೇಷನ್‌ಗೆ ಮುಂಚೆ ಉಪವಾಸ ಬೇಕಿಲ್ಲ, ಮಾಡಿಸಲೂಬಾರದು. ಹಾಗೆಯೇ ಬಾಯಿಂದ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ, ಚಿಗಟಕ್ಕೆಂದು ನಾಯಿಗೆ ಹಾಕುವ ಫಿಪ್ರೊನಿಲ್ ಹಚ್ಚಿದರೆ ಮೊಲದ ಜೀವಕ್ಕೇ ಕುತ್ತು. ಮನೆಯಲ್ಲಿ ನಾಯಿ ಇದ್ದು ಅದಕ್ಕೆ ಹಚ್ಚಿದ್ದರೂ ಒಣಗುವವರೆಗೆ ಮೊಲದ ಹತ್ತಿರ ಬಿಡಬೇಡಿ.

ಸುಮ್ನೆಓದುಗ

ಒಂದು ಮುಜುಗರದ ಪ್ರಶ್ನೆ. ನಮ್ಮ ಮೊಲ ಬಗ್ಗಿ ತನ್ನ ಹಿಂಭಾಗದಿಂದಲೇ ಏನೋ ತಿನ್ನುತ್ತೆ. ಒಳಗೆ ಬೇಜಾರಾಗಿ ಹೀಗೆ ಮಾಡ್ತಿದೆಯಾ? ಹೊರಗೆ ಬಿಟ್ಟರೆ ನಿಲ್ಲುತ್ತಾ?

ಹುಲ್ಲುಹೊರೆ

ನಿಲ್ಲೋದು ಬೇಡ, ನಿಲ್ಲಿಸಲೂಬೇಡಿ. ಅದು ಹಿಕ್ಕೆ ಅಲ್ಲ. ಮೆತ್ತಗೆ, ಹೊಳೆಯೋ ಹಾಗೆ, ಸಣ್ಣ ದ್ರಾಕ್ಷಿ ಗೊಂಚಲಿನ ಆಕಾರದಲ್ಲಿರುತ್ತೆ. ಹುಲ್ಲು ದೊಡ್ಡ ಕುರುಡುಕರುಳಲ್ಲಿ ಹುದುಗಿ ಆಗೋದು, ಅದರಲ್ಲಿ ಬಿ ವಿಟಮಿನ್, ಪ್ರೋಟೀನ್ ಎಲ್ಲ ಇರುತ್ತೆ. ನೇರ ಬಾಯಿಗೆ ತಗೊಂಡು ಅಗಿಯದೆ ನುಂಗುತ್ತೆ. ಒಳಗಿನ ಮೊಲವೂ ತಿನ್ನುತ್ತೆ, ಕಾಡುಮೊಲವೂ ತಿನ್ನುತ್ತೆ. ತಿನ್ನದೆ ನೆಲದ ಮೇಲೆ ಬಿಟ್ಟಿದ್ರೆ ಆಗ ಯೋಚನೆ ಮಾಡಿ: ಪೆಲೆಟ್ ಅಥವಾ ಹಣ್ಣು ಜಾಸ್ತಿ ಆಗಿರಬಹುದು, ಇಲ್ಲಾ ಬಗ್ಗೋಕೆ ನೋವಿರಬಹುದು.

ಬಿಳಿಕಿವಿ

ತೀರ್ಮಾನ ಆಯ್ತು. ವಾಸ ಒಳಗೆ. ಹಿತ್ತಿಲ ಕಡೆ ಬಾಗಿಲಿರೋ ಸಣ್ಣ ರೂಮನ್ನ ಪೂರ್ತಿ ಅವಕ್ಕೇ ಬಿಟ್ಟುಕೊಡ್ತೀವಿ. ನೆಲಕ್ಕೆ ದಪ್ಪ ಚಾಪೆ, ಜಾರದ ಹಾಗೆ. ಆ ಬಾಗಿಲಿಗೇ ಅಂಟಿ ಹಿತ್ತಿಲಲ್ಲಿ ಜಾಲರಿ ಮುಚ್ಚಿದ ಓಟದ ಜಾಗ. ಸಂಜೆ ಬಿಸಿಲು ಇಳಿದ ಮೇಲೆ, ಬೆಳಿಗ್ಗೆ ಬಿಸಿಲೇರೋ ಮುಂಚೆ, ನಾವು ಯಾರಾದ್ರೂ ಎದ್ದಿರೋ ಹೊತ್ತಲ್ಲಿ ಬಾಗಿಲು ತೆಗೆಯೋದು. ಆಪರೇಷನ್ ಆಗೋವರೆಗೆ ಸರದಿ ಮೇಲೆ ಒಬ್ಬೊಬ್ಬರನ್ನೇ ಬಿಡೋದು. ಒಂದು ಮೂಲೇಲಿ ಯಜಮಾನರು ದೊಡ್ಡ ತೊಟ್ಟಿ ಇಟ್ಟು ಮಣ್ಣು ತುಂಬಿಸ್ತಾರಂತೆ, ತೋಡೋಕೆ. ಹಿತ್ತಲಮನೆಯವರು ಬರೆದಿದ್ದನ್ನ ಓದಿದಾಗಿಂದ ಅವರಿಗೆ ಅದೊಂದೇ ಹಟ.

ಹಿತ್ತಿಲಲ್ಲಿ ಹುಲ್ಲಿದೆ, ಯಂತ್ರದಲ್ಲಿ ಕತ್ತರಿಸಿದ್ದನ್ನ ಹಾಕಬಹುದಾ?

ಹಿತ್ತಲಮನೆ

ಯಂತ್ರದಲ್ಲಿ ಕತ್ತರಿಸಿದ್ದು ಬೇಡ ಅಕ್ಕ, ಜಜ್ಜಿ ಬಿಸಿಯಾಗಿ ಬೇಗ ಹುದುಗುತ್ತೆ, ಹೊಟ್ಟೆ ಉಬ್ಬರಿಸುತ್ತೆ. ನಿಂತ ಹುಲ್ಲನ್ನ ಮೊಲವೇ ಕಚ್ಚಿ ತಿನ್ನಲಿ, ಇಲ್ಲಾ ಕೈಯಲ್ಲಿ ಕುಯ್ದು ಹಾಕಿ. ಔಷಧಿ ಹೊಡೆದ ಜಾಗ, ಬೀದಿನಾಯಿ ಓಡಾಡಿದ ಜಾಗ ಬೇಡ. ಮೊದಲ ದಿನವೇ ಹೊಟ್ಟೆ ತುಂಬ ಹಸಿಹುಲ್ಲು ತಿನ್ನಕ್ಕೆ ಬಿಡಬೇಡಿ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ಮಣ್ಣಿನ ತೊಟ್ಟಿ ಕನಿಷ್ಠ ಒಂದೂವರೆ ಅಡಿ ಆಳ ಇರಲಿ ಅಂತ ಯಜಮಾನರಿಗೆ ಹೇಳಿ. ಮಣ್ಣು ಸ್ವಲ್ಪ ತೇವ ಇರಬೇಕು, ಪೂರ್ತಿ ಪುಡಿಯಾದ್ರೆ ತೋಡಿದ್ದು ನಿಲ್ಲಲ್ಲ.

ಮೂರನೇಮಹಡಿ

ಅತ್ತೆಯ ಸೋಫಾ?

ಬಿಳಿಕಿವಿ

ಹಾಲ್‌ಗೆ ಪ್ರವೇಶ ಇಲ್ಲ ಅಂತ ಒಪ್ಪಂದ ಆಗಿದೆ. ಎಷ್ಟು ದಿನ ನಡೆಯುತ್ತೋ ನೋಡೋಣ. ಅತ್ತೆಯವರೇ ಮೊನ್ನೆ ಮೊಲಕ್ಕೆ ಯಾವ ಸೊಪ್ಪು ಆಗುತ್ತೆ ಅಂತ ವಿಚಾರಿಸ್ತಾ ಇದ್ರು.

ಬೇಲಿಕಂಬದವರೇ, ಓಟದ ಜಾಗಕ್ಕೆ ಹೊರಗಿಂದ ನಾವು ಹೋಗೋಕೆ ಒಂದು ಬಾಗಿಲು ಬೇಕು. ಸಾದಾ ಕೊಂಡಿ ಸಾಕಾ?

ಬೇಲಿಕಂಬ

ಕೊಂಡಿ ಸಾಲದು. ನಾಯಿ ಮೂತಿಯಿಂದ ಎತ್ತಿದ್ರೆ ತೆಗೆದುಕೊಳ್ಳುತ್ತೆ. ಅಡ್ಡ ಚಿಲಕ ಎರಡು ಹಾಕಿ, ಮೇಲೊಂದು ಕೆಳಗೊಂದು. ಕೆಳಗೆ ಇಲ್ಲದಿದ್ದರೆ ಮೂಲೆ ಬಾಗಿ ಸಂದು ಬೀಳುತ್ತೆ. ಬಾಗಿಲು ಒಳಕ್ಕೆ ತೆರೆಯೋ ಹಾಗೆ ಇರಲಿ, ಹೊರಕ್ಕೆ ತೆರೆದ್ರೆ ನೀವು ಕಾಲಿಡೋ ಮೊದಲೇ ಮೊಲ ಕಾಲ ಸಂದಿಯಿಂದ ಹೊರಗೆ ಹೋಗಿರುತ್ತೆ. ಜಾಲರಿಯನ್ನ ಮರದ ಚೌಕಟ್ಟಿನ ಒಳಮೈಗೆ ಹೊಡೀರಿ, ಹೊರಗೆ ಹೊಡೆದ್ರೆ ಒಳಗಿರೋ ಮರ ಎಲ್ಲ ಕಡಿದು ಹಾಕ್ತವೆ. ಬಾಗಿಲಿನ ಅಗಲ ಮತ್ತೆ ಹಿತ್ತಿಲ ಗೋಡೆಯ ಎತ್ತರ ಬರೆದು ಹಾಕಿ, ಎಷ್ಟು ಜಾಲರಿ ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.